ನಮ್ಮ ಫೀಲ್ಡ್ ವರ್ಕಿಗೊಬ್ಬ ಮೇಷ್ಟ್ರನ್ನು ಕೊಡಿ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಹಾಗೂ ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು, ಕರ್ನಾಟಕ ಸರ್ಕಾರ;
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಮಂಡ್ಯ.

ವಿಷಯ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಬಗ್ಗೆ ಬಹಿರಂಗ ಅಹವಾಲು.

ಮಾನ್ಯರೇ,

ನಾನು ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿಯ ಎರಡನೇ ವರ್ಷದಲ್ಲಿ ಓದುತ್ತಿರುವವಳು. ಊರು ಕೆ.ಆರ್. ಪೇಟೆ ತಾಲ್ಲೂಕಿನದು. ನನ್ನ ಜೊತೆ ಬಸ್ಸಿನಲ್ಲಿ ಓಡಾಡುವವರು ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರು. ಓದುವ ಕಾಲೇಜುಗಳು ಬೇರೆಬೇರೆ, ಕೆಲವು ಸರ್ಕಾರದವು, ಕೆಲವು ಖಾಸಗಿಯವು. ಒಟ್ಟಿಗೆ ಕೂತಾಗ ಮಾತ್ರ ಎಲ್ಲರ ಬಾಯಲ್ಲೂ ಬರುವುದು ಒಂದೇ ದೂರು. ಕಾಲೇಜಿನ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಬರೆದರೆ ಯಾರೋ ಒಬ್ಬ ಮೇಷ್ಟ್ರಿಗೋ ಗುಮಾಸ್ತರಿಗೋ ನೋಟಿಸು ಹೋಗಿ ವಿಷಯ ಅಲ್ಲಿಗೇ ಮುಗಿಯುತ್ತದೆ. ನಮ್ಮ ದೂರು ಅವರ ಮೇಲಲ್ಲ.

ಈ ಓದಿನ ದೊಡ್ಡ ಪಾಲು ತರಗತಿಯ ಹೊರಗಿದೆ. ವಾರದಲ್ಲಿ ಎರಡು ದಿನ ಫೀಲ್ಡ್ ವರ್ಕ್. ಆಸ್ಪತ್ರೆ, ಹಳ್ಳಿ, ಬಾಲಮಂದಿರ, ಕಾರ್ಖಾನೆ, ಹೀಗೆ ಎಲ್ಲಿಗೆ ಹಾಕುತ್ತಾರೋ ಅಲ್ಲಿ. ಅಲ್ಲಿ ಕೆಲಸ ಬಲ್ಲವರೊಬ್ಬರು ನಮ್ಮನ್ನು ಜೊತೆಗಿಟ್ಟುಕೊಂಡು ನಡೆಸಬೇಕು. ಕಾಲೇಜಿನ ಮೇಷ್ಟ್ರು ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ‘ಏನು ಕಂಡೆ, ಏನು ಕೇಳಿದೆ, ಆ ಮಾತನ್ನು ಯಾಕೆ ಅಲ್ಲಿಗೇ ಬಿಟ್ಟೆ’ ಎಂದು ವಿಚಾರಿಸಬೇಕು. ಜೊತೆಗೆ ವಾರವೋ ಹತ್ತು ದಿನವೋ ಗ್ರಾಮೀಣ ಶಿಬಿರ, ಕೊನೆಗೆ ಒಂದೇ ಸಂಸ್ಥೆಯಲ್ಲಿ ಪೂರ್ಣಾವಧಿ ದುಡಿಯುವ ಬ್ಲಾಕ್ ಪ್ಲೇಸ್‌ಮೆಂಟ್. ಎಲ್ಲಕ್ಕೂ ಅಂಕ ಉಂಟು, ವೈವಾ ಉಂಟು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಓದಿಲ್ಲ.

ನಡೆಯುವುದೇ ಬೇರೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಹತ್ತೂವರೆಗೆ ಕಚೇರಿ ಮುಟ್ಟಿದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಅವರು ಬರುವವರೆಗೆ ಬೆಂಚಿನ ಮೇಲೆ ಕೂರಬೇಕು. ಬಂದ ಮೇಲೆ ‘ಲೆಟರ್ ತಂದಿದ್ದೀರಾ’ ಎನ್ನುತ್ತಾರೆ. ಹೋದ ತಿಂಗಳೇ ಕೊಟ್ಟ ಲೆಟರು ಯಾವ ಫೈಲಿನಲ್ಲಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಕಂಪ್ಯೂಟರ್ ಬರುವ ಹುಡುಗಿಯರಿಗೆ ಡೇಟಾ ಎಂಟ್ರಿ, ಬಾರದವರಿಗೆ ಫೈಲಿಗೆ ನಂಬರು ಹಾಕುವ ಕೆಲಸ. ಯಾವುದಾದರೂ ದಿನಾಚರಣೆ ಬಂದರೆ ಬ್ಯಾನರು ಹಿಡಿದು ಜಾಥಾದಲ್ಲಿ ನಡೆಯಬೇಕು, ಫೋಟೋ ತೆಗೆಸಿಕೊಳ್ಳಬೇಕು. ಮೂರು ಗಂಟೆಗೆ ಡೈರಿಗೆ ಸೀಲು, ಸಹಿ. ಸಂಜೆ ಮನೆಗೆ ಬಂದು ‘ಇಂದು ಸಂಸ್ಥೆಯ ಕಾರ್ಯವೈಖರಿಯನ್ನು ಅರಿತೆನು’ ಎಂದು ರಿಪೋರ್ಟು ಬರೆಯುವುದು. ಈ ವಾಕ್ಯವನ್ನು ನಮ್ಮ ಸೀನಿಯರುಗಳು ಬರೆದಿದ್ದರು, ನಾವೂ ಬರೆದೆವು, ಜೂನಿಯರುಗಳು ನಮ್ಮದನ್ನು ನೋಡಿ ಬರೆಯುತ್ತಿದ್ದಾರೆ.

ಮೇಷ್ಟ್ರುಗಳ ಮಾತು ಹೇಳಬೇಕು. ನಮಗೆ ಪಾಠ ಹೇಳುವವರಲ್ಲಿ ಬಹಳ ಮಂದಿ ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಶುರುವಾಗಿ 2024ರ ಜನವರಿವರೆಗೂ ರಾಜ್ಯದ ಅತಿಥಿ ಉಪನ್ಯಾಸಕರು ಧರಣಿ ಕೂತಿದ್ದನ್ನು ತಾವು ಬಲ್ಲಿರಿ. ಅವರ ಗೌರವಧನ ನಿಂತಿರುವುದು ತರಗತಿಯ ಕಾರ್ಯಭಾರದ ಮೇಲೆ. ಹಳ್ಳಿಗೆ ಬಂದು ನಾವೇನು ಮಾಡುತ್ತಿದ್ದೇವೆಂದು ನೋಡಿದರೆ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ, ಪೆಟ್ರೋಲು ಅವರ ಜೇಬಿನದು. ನಮ್ಮ ಮೇಷ್ಟ್ರೊಬ್ಬರು ಹಾಗೂ ಬರುತ್ತಿದ್ದರು. ಅವರ ಗಾಡಿ ಗ್ರಾಮ ಪಂಚಾಯಿತಿ ಮುಂದೆ ನಿಂತ ದಿನ ನಮಗೆ ಹತ್ತು ತರಗತಿಯ ಪಾಠವಾಗುತ್ತಿತ್ತು. ಎರಡನೇ ಸೆಮಿಸ್ಟರಿಗೆ ಕೌನ್ಸೆಲಿಂಗಿನಲ್ಲಿ ಅವರಿಗೆ ಬೇರೆ ಕಾಲೇಜು ಬಂತು, ಹೋದರು.

ಇನ್ನು ಹಳ್ಳಿಯೊಳಗೆ ಕಾಲಿಟ್ಟರೆ ಜನ ನಮ್ಮನ್ನು ಯಾರೆಂದು ತಿಳಿಯಬೇಕು? ಕೈಯಲ್ಲಿ ಪುಸ್ತಕ, ಕೊರಳಲ್ಲಿ ಗುರುತಿನ ಚೀಟಿ, ಮನೆಮನೆಗೆ ಹೋಗಿ ಕದ ತಟ್ಟುವ ಹುಡುಗಿಯರು. ‘ಯಾವ ಸಂಘದೋರವ್ವಾ? ಕಂತು ಸೋಮಾರಕ್ಕಲ್ವ, ಇವತ್ಯಾಕ್ ಬಂದ್ರಿ?’ ಎಂದು ಕೇಳಿದ ಹೆಂಗಸರೆಷ್ಟೋ. ನಮ್ಮನ್ನು ಕಂಡು ಹಿತ್ತಲ ಬಾಗಿಲಿಂದ ಆಚೆ ಹೋದವರೂ ಇದ್ದಾರೆ. ಮೈಕ್ರೋಫೈನಾನ್ಸ್‌ ವಸೂಲಿಯ ಕಾಟ ತಡೆಯಲು ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತಲ್ಲ, ಅದಕ್ಕೆ ಕಾರಣವಾದ ಭಯ ಎಂಥದೆಂದು ನಮಗೆ ಪತ್ರಿಕೆ ಓದಿ ತಿಳಿಯಬೇಕಾಗಿರಲಿಲ್ಲ. ಸಾಲ ಕೊಡುವವರಲ್ಲ, ವಸೂಲಿಯವರಲ್ಲ, ಅಂಗನವಾಡಿಯವರೂ ಅಲ್ಲ, ಓದುವವರು ಎಂದರೆ ಮುಂದಿನ ಪ್ರಶ್ನೆ, ‘ಜನಗಳ ಕಷ್ಟ ಕೇಳಕ್ಕೂ ದುಡ್ ಕೊಟ್ಟು ಓದ್ಬೇಕೇನವ್ವಾ?’

ಓದಬೇಕು. ಯಾಕೆ ಓದಬೇಕು ಎನ್ನುವುದಕ್ಕೆ ನಮ್ಮ ಈ ನಾಲ್ಕು ತಾಲ್ಲೂಕುಗಳೇ ಸಾಕ್ಷಿ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ‘ಫೀಲ್ಡ್ ವರ್ಕಿಗೆ ಹಳ್ಳಿಯಲ್ಲಿ ಏನಿದೆ, ಬೆಂಗಳೂರಿಗೆ ಹೋಗಿ’ ಎನ್ನುವ ಸಲಹೆಯನ್ನು ನಾವು ದೊಡ್ಡವರ ಬಾಯಿಂದಲೇ ಕೇಳಿದ್ದೇವೆ.

2023ರ ನವೆಂಬರಿನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲವನ್ನು ಹಿಡಿದರು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದರು. ಬೆಲ್ಲ ಮಾಡುವ ಜಾಗದಲ್ಲಿ ನಡೆದದ್ದು ಇದು. ರಾಜ್ಯವೆಲ್ಲ ಛೀ ಎಂದಿತು, ತನಿಖೆ ಸಿ.ಐ.ಡಿ.ಗೆ ಹೋಯಿತು, ಇನ್ನು ನಿಂತಿತು ಎಂದುಕೊಂಡೆವು. ಆರು ತಿಂಗಳಾಗಿತ್ತು. 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ, ಆರೋಗ್ಯ ಇಲಾಖೆಯ ನೌಕರರ ವಸತಿಗೃಹದಲ್ಲೇ ಭ್ರೂಣಹತ್ಯೆ ನಡೆಯುತ್ತಿದ್ದದ್ದು ಬಯಲಾಯಿತು.

ಪೊಲೀಸರು ಯಂತ್ರ ಹಿಡಿದರು, ಯಂತ್ರ ಇಟ್ಟವರನ್ನು ಹಿಡಿದರು. ಆ ಯಂತ್ರದ ಮುಂದೆ ಮಲಗಿದ ಹೆಂಗಸರ ಮನೆಗೆ ಹೋದವರು ಯಾರು? ಮೊದಲೇ ಎರಡು ಹೆಣ್ಣಿರುವ ಮನೆ, ಎರಡು ಎಕರೆ ಗದ್ದೆ, ‘ಈ ಸಲವೂ ಹೆಣ್ಣಾದರೆ’ ಎಂದು ಅರ್ಧಕ್ಕೇ ನಿಲ್ಲುವ ಅತ್ತೆಯ ಮಾತು, ಏನೂ ಹೇಳದೆ ಬೀಡಿ ಹಚ್ಚುವ ಗಂಡ. ಅಲ್ಲಿ ಕೂತು ಮಾತಾಡುವುದು ಪೊಲೀಸರ ಕೆಲಸವಲ್ಲ. ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟುವಂಥದೂ ಅಲ್ಲ, ಆಕೆ ಅದೇ ಊರಿನವಳು, ನಾಳೆ ಅದೇ ಕೇರಿಯಲ್ಲಿ ಬಾಳಬೇಕು. ಬಸುರಿಯ ಮೇಲೆ ಬೇಹುಗಾರಿಕೆ ಮಾಡದೆ, ಗುಟ್ಟನ್ನು ಗುಟ್ಟಾಗಿಯೇ ಇಟ್ಟುಕೊಂಡು, ಆ ಮನೆಯ ಭಯ ಯಾವುದೆಂದು ತಿಳಿದು ಕೆಲಸ ಮಾಡಲು ಕಲಿತವರು ಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಗೂ ಇದು ಗೊತ್ತಿತ್ತು. ಅದರ ಪ್ರಕಾರ ರಚಿಸುವ ಸಲಹಾ ಸಮಿತಿಯಲ್ಲಿ ಮೂವರು ಸಮಾಜ ಕಾರ್ಯಕರ್ತರಿರಬೇಕು. ಸಮಿತಿಯ ಸಭೆ ಹೇಗೆ ನಡೆಯುತ್ತದೆ, ತಪಾಸಣೆಗೆ ಹೋದವರು ಏನನ್ನು ನೋಡುತ್ತಾರೆ ಎಂಬುದನ್ನು ಒಂದು ಸಲ ಮೂಲೆಯಲ್ಲಿ ಕೂತು ನೋಡಲು ಅವಕಾಶ ಕೊಡಿ ಎಂದು ನಾವು ಕೇಳಿದ್ದೆವು. ಉತ್ತರ ಬರಲಿಲ್ಲ. ಜಾಥಾಕ್ಕೆ ಮಾತ್ರ ಕರೆ ಬಂತು, ‘ಹೆಣ್ಣು ಮಗು ಉಳಿಸಿ’ ಬ್ಯಾನರು ಹಿಡಿಯಲು.

ಹೆಣ್ಣು ಬೇಡವೆನ್ನುವ ಈ ಕಥೆಯ ಇನ್ನೊಂದು ತುದಿ ನಾಗಮಂಗಲದಲ್ಲಿದೆ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ನಡೆದಾಗ ಬಂದ ಹುಡುಗರು ಹತ್ತು ಸಾವಿರ ದಾಟಿದ್ದರು, ಹುಡುಗಿಯರು ಕೆಲವೇ ನೂರು ಎಂದು ಪತ್ರಿಕೆಗಳು ಬರೆದವು. ಮರುವರ್ಷ ಫೆಬ್ರುವರಿಯಲ್ಲಿ ಇದೇ ಜಿಲ್ಲೆಯ ಹುಡುಗರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಟಿ.ವಿ.ಯವರು ನಕ್ಕರು, ಜೋಕುಗಳು ಬಂದವು. ಮೂವತ್ತೈದು ದಾಟಿದ, ಬೇಸಾಯ ಬಿಟ್ಟು ಬೇರೆ ಗೊತ್ತಿಲ್ಲದ, ಅಪ್ಪ ಅಮ್ಮನ ಜೊತೆ ಒಬ್ಬನೇ ಇರುವ ಗಂಡಸಿನ ಕುಡಿತ, ಸಾಲ, ಒಂಟಿತನ ನಗೆಯ ವಿಷಯವಲ್ಲ. ಹುಡುಗಿಯರು ಬೇಸಾಯದ ಮನೆಯನ್ನು ಒಲ್ಲೆ ಎನ್ನುವುದಕ್ಕೂ ಅವರದೇ ಕಾರಣಗಳುಂಟು. ಕೊಟ್ಟಿಗೆ ಗುಡಿಸುತ್ತಾ ಬೆಳೆದ ನಾನು ಆ ಕಾರಣಗಳನ್ನು ಸುಳ್ಳೆನ್ನಲಾರೆ. ನಾಗಮಂಗಲದ ಕಷ್ಟ ಇದೊಂದೇ ಅಲ್ಲ. ಅಲ್ಲಿನ ಪಟ್ಟಣದಲ್ಲೇ 2024ರ ಸೆಪ್ಟೆಂಬರ್ 11ರಂದು ಗಣೇಶನ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳಿಗೆ ಬೆಂಕಿ ಬಿತ್ತು. ಶಾಂತಿ ಸಭೆಗಳಾದವು. ಸಭೆ ಮುಗಿದು ಊರ ಮುಖಂಡರು ಎದ್ದುಹೋದ ಮೇಲೆ ಅಕ್ಕಪಕ್ಕದ ಎರಡು ಅಂಗಡಿಯವರು ಮತ್ತೆ ಮಾತಾಡುವಂತೆ ಮಾಡುವುದು ಹೇಗೆ ಎಂಬುದು ನಮ್ಮ ಪಠ್ಯದಲ್ಲಿ ಒಂದು ಅಧ್ಯಾಯ. ಪಕ್ಕದಲ್ಲೇ ಊರು ಇತ್ತು. ನಾವು ಆ ಅಧ್ಯಾಯವನ್ನು ನೋಟ್ಸು ನೋಡಿ ಬರೆದೆವು.

ನಮ್ಮ ಕೆ.ಆರ್. ಪೇಟೆಯ ಕಥೆ ಮುಂಬೈಗೆ ಅಂಟಿಕೊಂಡಿದೆ. ಹೋಟೆಲು, ಟ್ಯಾಕ್ಸಿ, ಸಣ್ಣಪುಟ್ಟ ವ್ಯಾಪಾರ ಎಂದು ಒಂದೆರಡು ತಲೆಮಾರಿನಿಂದ ಹೋದವರು. 2020ರ ಮೇ ತಿಂಗಳಲ್ಲಿ ಅವರು ಕೋವಿಡ್ ಹೊತ್ತಿನಲ್ಲಿ ವಾಪಸು ಬಂದಾಗ ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದರು. ಆಗ ನಾನು ಶಾಲೆಯ ಹುಡುಗಿ. ನಮ್ಮೂರಿನವರೇ ನಮ್ಮೂರಿನವರನ್ನು ಕಂಡು ಬಾಗಿಲು ಹಾಕಿಕೊಂಡದ್ದನ್ನು ನೋಡಿದ್ದೇನೆ. ಅವರೆಲ್ಲ ಮತ್ತೆ ಹೋದರು. ಉಳಿದವರು ಅಪ್ಪ ಅಮ್ಮಂದಿರು.

ಅಂಥ ಒಬ್ಬ ಅಜ್ಜಿ ನನ್ನ ಮೊದಲ ಕೇಸು. ‘ಮಗ ಬೊಂಬಾಯ್ಲವ್ನೆ ಕಣವ್ವಾ, ಹಟ್ಟಿಲಿ ನಾನೊಬ್ಳೆಯಾ’ ಎಂದಳು. ವೃದ್ಧರ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತಿದ್ದದ್ದು ನಿಂತಿತ್ತು. ಆಧಾರ್, ಬ್ಯಾಂಕಿನ ಖಾತೆ, ಹೆಬ್ಬೆರಳು ಇವು ಮೂರೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ನಾಡಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಆಧಾರ್ ಕೇಂದ್ರಕ್ಕೆ. ಈ ಓಡಾಟದ ನಡುವೆಯೇ ಅಜ್ಜಿ ಬೇರೆಯದನ್ನು ಹೇಳತೊಡಗಿದ್ದಳು: ರಾತ್ರಿ ನಿದ್ದೆಯಿಲ್ಲ, ಬಾವಿಯ ಕಡೆ ಹೋಗಬೇಕೆನ್ನಿಸುತ್ತದೆ. ಈ ಮಾತು ಕೇಳಿದಾಗ ಏನು ಮಾಡಬೇಕು? ಯಾರಿಗೆ ತಿಳಿಸಬೇಕು, ಮಗನಿಗೆ ಫೋನು ಮಾಡಬೇಕೇ ಬೇಡವೇ, ಅಜ್ಜಿಯನ್ನು ಆಸ್ಪತ್ರೆಗೆ ಬರಲು ಹೇಗೆ ಒಪ್ಪಿಸಬೇಕು? ಕೇಳಲು ಅಲ್ಲಿ ಯಾರೂ ಇರಲಿಲ್ಲ. ರಿಪೋರ್ಟಿನಲ್ಲಿ ಬರೆದೆ. ಪುಟದ ಕೆಳಗೆ ಕೆಂಪು ಶಾಯಿಯ ರೈಟ್ ಮಾರ್ಕ್ ಬಂತು. ಕೊನೆಗೆ ಆಶಾ ಅಕ್ಕನ ಕೈಕಾಲು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ಸೆಮಿಸ್ಟರ್ ಮುಗಿಯಿತು, ನನ್ನನ್ನು ಬೇರೆ ಕಡೆಗೆ ಹಾಕಿದರು, ಆ ಊರಿಗೆ ಮುಂದಿನ ಬ್ಯಾಚಿನವರು ಹೋಗಲಿಲ್ಲ. ಅಜ್ಜಿಯ ಫೈಲು ನನ್ನ ಬ್ಯಾಗಿನಲ್ಲಿದೆ. ಅದನ್ನು ಒಪ್ಪಿಸಿಕೊಳ್ಳುವ ಕಚೇರಿ ಯಾವುದೂ ಇಲ್ಲ.

ಸ್ವಾರಸ್ಯವೆಂದರೆ, ಆ ಅಜ್ಜಿಗೆ ಬೇಕಾದದ್ದು ಸರ್ಕಾರದಲ್ಲೇ ಇತ್ತು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯನ್ನು 2014ರಲ್ಲೇ ಮಾಡಿದ್ದಾರೆ. ವೈದ್ಯರು ಮಾತ್ರೆ ಬರೆದು ಹೋಗುತ್ತಾರೆ. ಮುಂದಿನ ತಿಂಗಳು ಬಾರದ ರೋಗಿಯ ಮನೆಗೆ ಹೋಗಿ ಯಾಕೆ ಬರಲಿಲ್ಲವೆಂದು ಕೇಳುವವರು ಬೇಕು. ವಾರದಲ್ಲಿ ಎರಡು ದಿನ ಇಂಥ ಕೆಲಸಕ್ಕೆಂದೇ ಇರುವ ನಾವು ಅದೇ ತಾಲ್ಲೂಕಿನಲ್ಲಿ ಫೈಲಿಗೆ ನಂಬರು ಹಾಕುತ್ತಿರುತ್ತೇವೆ.

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆ ಬಯಲು ನೋಡಿದವರು ಇಲ್ಲೇನು ಕಷ್ಟ ಎನ್ನಬಹುದು. ಆದರೆ 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆ ದೇಶದ ಸುದ್ದಿಯಾದಾಗ ಸತ್ತವರಲ್ಲಿ ನೀರು ಕಾಣದ ಹೊಲದವರಷ್ಟೇ ಇರಲಿಲ್ಲ. ನೀರಿದ್ದರೂ ಕಾರ್ಖಾನೆ ನಿಂತರೆ ಕಬ್ಬು ಒಣಗುತ್ತದೆ, ಬಾಕಿ ಹಣ ಬಾರದಿದ್ದರೆ ಸಾಲ ಬೆಳೆಯುತ್ತದೆ. ಕಟಾವಿನ ಕಾಲದಲ್ಲಿ ಬಳ್ಳಾರಿ ಕಡೆಯಿಂದ ಕಬ್ಬು ಕಡಿಯುವವರು ಗುಡಿಸಲು ಹಾಕುತ್ತಾರೆ, ಆಲೆಮನೆಗಳಲ್ಲಿ ಉತ್ತರ ಭಾರತದ ಕೂಲಿಗಳಿದ್ದಾರೆ, ಅವರ ಮಕ್ಕಳ ಹೆಸರು ಯಾವ ಶಾಲೆಯ ಹಾಜರಿಯಲ್ಲಿದೆ ಎಂದು ಹುಡುಕಿದರೆ ಒಂದು ಸೆಮಿಸ್ಟರಿನ ಕೆಲಸವಾಗುತ್ತದೆ.

ಈ ಓದು ಹುಟ್ಟಿದ್ದೇ ಹೀಗೆ ಜನರ ನಡುವಿನ ಕೆಲಸದಿಂದ. ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬ ಪಾದ್ರಿ ಬೊಂಬಾಯಿಯ ನಾಗ್‌ಪಾಡಾದ ಕಾರ್ಮಿಕರ ನಡುವೆ ಮನೆ ಮಾಡಿಕೊಂಡು ಕೆಲಸ ಮಾಡುತ್ತಿದ್ದರು. 1936ರಲ್ಲಿ ಟಾಟಾ ಟ್ರಸ್ಟಿನ ನೆರವಿನಿಂದ ದೇಶದ ಮೊದಲ ಸಮಾಜ ಕಾರ್ಯ ಶಾಲೆ ತೆರೆದದ್ದು ಆ ಕೆಲಸದ ಬೆನ್ನಿಗೆ, ಅದೇ ನಾಗ್‌ಪಾಡಾದಲ್ಲಿ. ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಮೊದಲು ಕೇರಿ, ಆಮೇಲೆ ಕಾಲೇಜು. ನಮ್ಮ ನಾಡಿನಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಶುರುವಾಯಿತು. ಅದೇ 1960ರಲ್ಲಿ ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಜಯಪ್ರಕಾಶ ನಾರಾಯಣರ ಜೊತೆ ಇದ್ದು ಬಂದವರು, ಬೆಟ್ಟದೂರಿನಲ್ಲಿ ಕೂತು ಮಕ್ಕಳಿಗೆ ಮನೆ ಮಾಡಿದರು, ಖಾದಿ ಮಗ್ಗ ಹಾಕಿದರು. ಎಂ.ಎಸ್.ಡಬ್ಲ್ಯೂ. ಓದಿದವರಲ್ಲ. ಡಿಗ್ರಿ ಇಲ್ಲದೆಯೂ ಕೆಲಸ ಆಗುತ್ತದಲ್ಲ ಎಂದು ಯಾರಾದರೂ ಕೇಳಿದರೆ ಆಗುತ್ತದೆ ಎನ್ನುತ್ತೇನೆ, ಅಂಥವರು ತಾಲ್ಲೂಕಿಗೊಬ್ಬರು ಸಿಗುವುದಾದರೆ. ಸಿಗುವುದಿಲ್ಲವಾದ್ದರಿಂದಲೇ ನಾವು ಕಲಿಯಬೇಕಾಗಿದೆ, ಅಂಥವರ ಬಳಿ ಕೂತು ಕಲಿಯಬೇಕಾಗಿದೆ.

ಕನ್ನಡದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರೊ. ಎಚ್.ಎಂ. ಮರುಳಸಿದ್ಧಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜ ಕಾರ್ಯ ಕಲಿಸುತ್ತಲೇ ಅದನ್ನು ಕನ್ನಡದಲ್ಲಿ ಬರೆದು ತೋರಿಸಿದರು. ಮಾಕುಂಟಿ ಎಂಬ ಹಳ್ಳಿಯ ಮುದುಕರ ಬಗ್ಗೆ ಅವರು ಮಾಡಿದ ಅಧ್ಯಯನ ಪುಸ್ತಕವಾಗಿ ಬಂದದ್ದು 1969ರಲ್ಲಿ. ಹಳ್ಳಿಯ ವೃದ್ಧರನ್ನು ಅರಿಯುವುದು ಹೇಗೆಂದು ನಮಗೆ ಶಿಕಾಗೋದ ಪುಸ್ತಕದಿಂದ ಪಾಠ ಹೇಳುವ ಮುಂಚೆ ಇದನ್ನು ಕೈಗೆ ಕೊಡಬಹುದಿತ್ತು. ಅಜ್ಜಿ ಹಟ್ಟಿಯಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ರಿಪೋರ್ಟು ಬರೆಯಿರಿ ಎನ್ನುವ ಕಡೆ, ಅವಳು ಹೇಳಿದ್ದರಲ್ಲಿ ಅರ್ಧ ಬಸ್ ಸ್ಟ್ಯಾಂಡಿನಲ್ಲೇ ಉದುರಿಹೋಗುತ್ತದೆ.

ದುಡ್ಡಿನ ವಿಚಾರ ಸಂಕೋಚದ್ದು, ಆದರೂ ಹೇಳಲೇಬೇಕು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹುಡುಗಿಯರು ಉಸಿರು ಬಿಟ್ಟಿದ್ದೇವೆ. ನಿಜ ಹೇಳಬೇಕೆಂದರೆ ಆ ಟಿಕೆಟ್ ಇಲ್ಲದಿದ್ದರೆ ನಮ್ಮಪ್ಪ ನನ್ನನ್ನು ಓದಿಸುತ್ತಿದ್ದರೋ ಇಲ್ಲವೋ. ಆದರೆ ಸರ್ಕಾರಿ ಬಸ್ಸು ಹೋಗುವಲ್ಲಿಗಷ್ಟೇ ಶಕ್ತಿ. ಹೋಬಳಿಯಿಂದ ಒಳಗಿನ ಊರಿಗೆ ಆಟೋ, ಇಲ್ಲವೇ ಕಾಲುನಡಿಗೆ. ಹುಡುಗರಿಗೆ ಪೂರಾ ಟಿಕೆಟ್ಟು. ಶ್ರೀರಂಗಪಟ್ಟಣದವರಿಗೆ ಮೈಸೂರು ಹದಿನೈದು ಕಿಲೋಮೀಟರು, ತೊಂದರೆ ಇಲ್ಲ. ಕೆ.ಆರ್. ಪೇಟೆ, ನಾಗಮಂಗಲದಿಂದ ಹೊರಟವರಿಗೆ ಹೋಗಿಬರುವುದರಲ್ಲೇ ಅರ್ಧ ದಿನ. ವಿದ್ಯಾಸಿರಿ ಯೋಜನೆಯ ಹಣ ಊಟ ವಸತಿಗೆಂದು ಹತ್ತು ತಿಂಗಳು ಬರುವಂಥದು, ಅದೂ ಹಾಸ್ಟೆಲು ಸಿಗದ ಅರ್ಹರಿಗೆ. ಫೀಲ್ಡ್ ವರ್ಕಿನ ಖರ್ಚು ಎಂಬ ಕಲಮು ಯಾವ ವಿದ್ಯಾರ್ಥಿವೇತನದಲ್ಲೂ ನಮಗೆ ಕಂಡಿಲ್ಲ.

ಯುವನಿಧಿ ಯೋಜನೆಯಲ್ಲಿ ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ ಉಂಟು. ಓದು ಮುಂದುವರಿಸಿದವರಿಗೆ ಇಲ್ಲ. ನಿಯಮದಲ್ಲಿ ತಪ್ಪು ಹುಡುಕುತ್ತಿಲ್ಲ. ಆದರೆ ನನ್ನ ಜೊತೆ ಡಿಗ್ರಿ ಮುಗಿಸಿ ಮನೆಯಲ್ಲಿರುವ ಗೆಳತಿಗೆ ಬರುವ ಹಣ, ಸರ್ಕಾರದ್ದೇ ಆಸ್ಪತ್ರೆಗೆ, ಸರ್ಕಾರದ್ದೇ ಪಂಚಾಯಿತಿಗೆ ವಾರದಲ್ಲಿ ಎರಡು ದಿನ ದುಡಿಯುವ ನನಗೆ ಬರುವುದಿಲ್ಲ ಎಂದಾಗ ಅಪ್ಪನಿಗೆ ಏನು ಹೇಳಿ ಒಪ್ಪಿಸಲಿ?

ಓದಿದ ಮೇಲಿನ ಪಾಡನ್ನು ಚುಟುಕಾಗಿ ಮುಗಿಸುತ್ತೇನೆ. ಬಾಲನ್ಯಾಯ ಮಂಡಳಿಯಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ ಎಂದು 2015ರ ಕಾಯ್ದೆ ಹೇಳುತ್ತದೆ. ಆ ಸ್ಥಾನಕ್ಕೆ ಕಾಯ್ದೆ ಹೆಸರಿಸುವ ಪದವಿಗಳು ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ, ಕಾನೂನು. ಸಮಾಜ ಕಾರ್ಯದ ಪದವಿಯ ಹೆಸರೇ ಅಲ್ಲಿಲ್ಲ! ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಎಂ.ಎಸ್.ಡಬ್ಲ್ಯೂ. ಮೇಲೆ ಎರಡು ವರ್ಷದ ಎಂ.ಫಿಲ್. ಬೇಕು, ಅದಕ್ಕೆ ನಿಮ್ಹಾನ್ಸ್‌ನಂಥ ಕೆಲವೇ ಕಡೆ ಸೀಟು ಇದ್ದದ್ದು. ಉಳಿದದ್ದು ಗುತ್ತಿಗೆಯ ಹುದ್ದೆ, ಪ್ರಾಜೆಕ್ಟಿನ ಹುದ್ದೆ. ಆದ್ದರಿಂದ ತರಗತಿಯ ಹುಡುಗರು ಎಚ್.ಆರ್. ಸ್ಪೆಷಲೈಸೇಷನ್ ಹಿಡಿದು ಮೈಸೂರಿನ ಹೆಬ್ಬಾಳ, ನಂಜನಗೂಡಿನ ಕಾರ್ಖಾನೆಗಳ ಕಡೆ ಹೋಗುತ್ತಾರೆ. ಅವರನ್ನು ದೂರುವವಳಲ್ಲ ನಾನು, ಮನೆಯ ಸಾಲ ತೀರಿಸಬೇಕಾದವರು. ಸಮುದಾಯ ಅಭಿವೃದ್ಧಿ ಎಂದು ಹಠ ಹಿಡಿದು ಉಳಿದವರು ನಾವು ಕೆಲವರು. ನಮಗೂ ಫೀಲ್ಡ್ ವರ್ಕು ಡೇಟಾ ಎಂಟ್ರಿಯಾದರೆ ನಾಳೆ ಸಂದರ್ಶನದಲ್ಲಿ ಏನು ಬಲ್ಲೆ ಎಂದು ಕೇಳಿದಾಗ ಟೈಪಿಂಗ್ ಎನ್ನಬೇಕಾಗುತ್ತದೆ.

ಈಗ ನಮ್ಮ ಕೋರಿಕೆ. ಹೊಸ ಕಟ್ಟಡ ಕೇಳುತ್ತಿಲ್ಲ, ಹೊಸ ವಿಶ್ವವಿದ್ಯಾಲಯವನ್ನಂತೂ ಕೇಳುವುದೇ ಇಲ್ಲ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಮುಂದುವರಿಸುವುದು ಬೇಡವೆಂದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಮಂಡ್ಯದ್ದೂ ಇತ್ತು. ಇದ್ದದ್ದನ್ನೇ ಉಳಿಸಿಕೊಳ್ಳುವ ಚಿಂತೆ ಬಂದ ಜಿಲ್ಲೆ ನಮ್ಮದು. ನಾವು ಕೇಳುತ್ತಿರುವುದು ತಾಲ್ಲೂಕಿಗೆ ಒಂದು ಕೋಣೆ, ಒಬ್ಬ ಮನುಷ್ಯ.

ತಾಲ್ಲೂಕು ಪಂಚಾಯಿತಿಯ ಕಟ್ಟಡದಲ್ಲಿ ಒಂದು ಕೋಣೆಯನ್ನು ಕ್ಷೇತ್ರಕಾರ್ಯ ಕೇಂದ್ರವೆಂದು ಗುರುತಿಸಿ. ಎಂ.ಎಸ್.ಡಬ್ಲ್ಯೂ. ಮಾಡಿ ಕೆಲವು ವರ್ಷ ಹಳ್ಳಿಯಲ್ಲಿ ದುಡಿದ ಒಬ್ಬರನ್ನು ಪೂರ್ಣಾವಧಿಗೆ ಅಲ್ಲಿ ನೇಮಿಸಿ. ಯಾವ ಕಾಲೇಜಿನವರಾದರೂ ಸರಿ, ಯಾವ ವಿಶ್ವವಿದ್ಯಾಲಯದವರಾದರೂ ಸರಿ, ಆ ತಾಲ್ಲೂಕಿನಲ್ಲಿ ಫೀಲ್ಡ್ ವರ್ಕ್ ಮಾಡುವವರು ಅವರ ಕೈಕೆಳಗೆ ಕೆಲಸ ಮಾಡಲಿ. ಅಲ್ಲಿ ಕೇಸುಗಳ ರಿಜಿಸ್ಟರೊಂದಿರಲಿ, ಬೀಗ ಹಾಕಿದ ಬೀರುವಿನಲ್ಲಿ. ನಾನು ಬಿಟ್ಟುಹೋದ ಅಜ್ಜಿಯನ್ನು ಮುಂದಿನ ಬ್ಯಾಚಿನ ಹುಡುಗಿ ಎತ್ತಿಕೊಳ್ಳಲಿ. ಇದರಿಂದ ನಮಗಾಗುವಷ್ಟೇ ಲಾಭ ಸರ್ಕಾರಕ್ಕೂ ಇದೆ. ವಿಕಲಚೇತನರಿಗಾಗಿ ಗ್ರಾಮ ಪಂಚಾಯಿತಿಗೊಬ್ಬ ಪುನರ್ವಸತಿ ಕಾರ್ಯಕರ್ತರನ್ನು ಇಟ್ಟಿದ್ದೀರಿ, ಅವರು ಕಡಿಮೆ ಗೌರವಧನದಲ್ಲಿ ಮನೆಮನೆ ಸುತ್ತುತ್ತಾರೆ. ಅವರ ಜೊತೆ ನಮ್ಮನ್ನು ಒಂದು ಸೆಮಿಸ್ಟರ್ ಕಳಿಸಿದರೆ ಅವರಿಗೂ ಬಲ, ನಮಗೂ ಪಾಠ.

ಜಿಲ್ಲಾ ಪಂಚಾಯಿತಿಯಿಂದ ಒಂದು ಸುತ್ತೋಲೆ ಹೊರಡಲಿ. ಮಂಗಳವಾರದ ಮನೋಚೈತನ್ಯ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ, ತಾಲ್ಲೂಕು ಕಾನೂನು ಸೇವಾ ಸಮಿತಿ, ಸಂಜೀವಿನಿ ಒಕ್ಕೂಟ, ಇಂಥ ಕಡೆ ವಿದ್ಯಾರ್ಥಿಗೆ ಏನು ಕೆಲಸ ಕೊಡಬೇಕು, ಏನು ಕೊಡಬಾರದು ಎಂದು ಅದರಲ್ಲಿ ಬರೆಯಿರಿ. ಡೇಟಾ ಎಂಟ್ರಿ ಕೊಡಬಾರದು ಎಂದು ದಯವಿಟ್ಟು ಸ್ಪಷ್ಟವಾಗಿಯೇ ಬರೆಯಿರಿ. ಉಪನ್ಯಾಸಕರು ಹಳ್ಳಿಗೆ ಬಂದ ದಿನವನ್ನು ಕಾರ್ಯಭಾರಕ್ಕೆ ಸೇರಿಸಿ, ಪ್ರಯಾಣ ವೆಚ್ಚ ಕೊಡಿ. ನಮಗೆ ಫೀಲ್ಡ್ ವರ್ಕಿನ ಎರಡು ದಿನಕ್ಕೆ ಬಸ್ಸು, ಆಟೋ, ಮಧ್ಯಾಹ್ನದ ಊಟದ ಖರ್ಚು ಸಿಕ್ಕರೆ ಸಾಕು, ಸಂಬಳ ಬೇಡ. ಕನ್ನಡದಲ್ಲಿ ಬರೆದ ರಿಪೋರ್ಟಿಗೆ ಅಂಕ ಕಡಿಮೆಯಾಗದಂತೆ ವಿಶ್ವವಿದ್ಯಾಲಯಗಳಿಗೆ ತಿಳಿಸಿ.

ನಾನು ಈ ಬಾರಿ ವೈವಾ ಮುಗಿಸಿ ಹೊರಗೆ ಬರುವವಳು, ಇದರಿಂದ ನನಗೆ ಸಿಗುವುದೇನೂ ಇಲ್ಲ. ಮುಂದಿನ ಬ್ಯಾಚಿನವರ ಪ್ಲೇಸ್‌ಮೆಂಟ್ ಪಟ್ಟಿ ಹಾಕುವ ಮುಂಚೆ ಸುತ್ತೋಲೆಯಾದರೂ ಬಂದರೆ ಅವರ ಮೊದಲ ಸೆಮಿಸ್ಟರ್ ಉಳಿಯುತ್ತದೆ. ಯಾವ ಹೋಬಳಿಯಲ್ಲಿ ಯಾವ ಕೆಲಸ ಇದೆ, ಎಲ್ಲಿಗೆ ಯಾವ ಬಸ್ಸು ಹೋಗುತ್ತದೆ, ಯಾವ ಊರಿನಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ಮಾತಾಡಿಸುತ್ತಾರೆ ಎಂಬುದನ್ನು ನಾಲ್ಕು ತಾಲ್ಲೂಕಿನ ನಾವು ಗೆಳೆಯ ಗೆಳತಿಯರು ಕೂತು ಪಟ್ಟಿ ಮಾಡುತ್ತಿದ್ದೇವೆ. ತಾವು ಕರೆದ ದಿನ ಆ ಪಟ್ಟಿಯನ್ನೂ ನನ್ನ ಬ್ಯಾಗಿನಲ್ಲಿರುವ ಕೇಸಿನ ಫೈಲನ್ನೂ ತಂದು ಒಪ್ಪಿಸುತ್ತೇವೆ, ಒಪ್ಪಿಸಿಕೊಂಡದ್ದಕ್ಕೆ ಒಂದು ರಸೀದಿ ಕೊಡಿ.

ಇತಿ ತಮ್ಮ ವಿಶ್ವಾಸಿ,
ಎಂ.ಎಸ್.ಡಬ್ಲ್ಯೂ. ಅಂತಿಮ ವರ್ಷದ ವಿದ್ಯಾರ್ಥಿನಿ,
ಕೆ.ಆರ್. ಪೇಟೆ ತಾಲ್ಲೂಕು, ಮಂಡ್ಯ ಜಿಲ್ಲೆ